ಕಂಪೈಲರ್ ಕಟ್ಟುವ ಕಡತಗಳು, ಅದನ್ನು ವಿವರಿಸುವ ಬರಹಗಳು

ಕಂಪೈಲರ್ ಬಗ್ಗೆ ಮಾತು ಬಂದಾಗ ಚರ್ಚೆ ಸಾಮಾನ್ಯವಾಗಿ ಎರಡು ಕಡೆಗೆ ಹೋಗುತ್ತದೆ. ಅದು ಹೊರತರುವ ಪ್ರೋಗ್ರಾಂ ಎಷ್ಟು ಬೇಗ ಓಡುತ್ತದೆ ಎನ್ನುವುದು ಒಂದು, ಭಾಷೆಗೆ ಹೊಸದಾಗಿ ಏನು ಸೇರಿತು ಎನ್ನುವುದು ಇನ್ನೊಂದು. ಆ ಕಂಪೈಲರನ್ನೇ ಸೋರ್ಸ್ ಕೋಡಿನಿಂದ ಕಟ್ಟಿ ನಿಲ್ಲಿಸುವ ಬಿಲ್ಡ್ ಕಡತಗಳು ಮತ್ತು ಅದನ್ನು ಕಟ್ಟುವುದು ಹೇಗೆ, ಬಳಸುವುದು ಹೇಗೆ ಎಂದು ತಿಳಿಸುವ ದಾಖಲೆಗಳ ಬಗ್ಗೆ ಮಾತಾಡುವವರು ಕಡಿಮೆ. ಕಾಲೇಜಿನ ಕಂಪೈಲರ್ ಪಠ್ಯದಲ್ಲಿ ಪಾರ್ಸಿಂಗ್ ಇದೆ, ರಿಜಿಸ್ಟರ್ ಹಂಚಿಕೆ ಇದೆ. ಹತ್ತಾರು ಲಕ್ಷ ಸಾಲುಗಳ ಒಂದು ಕಂಪೈಲರನ್ನು ಇಪ್ಪತ್ತು ವರ್ಷ ಕಟ್ಟಬಲ್ಲ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದಕ್ಕೆ ಒಂದು ಅಧ್ಯಾಯವೂ ಸಿಗುವುದಿಲ್ಲ. ಜಿಸಿಸಿ, ಎಲ್‌ಎಲ್‌ವಿಎಂ, ರಸ್ಟ್, ಗೋ ಯೋಜನೆಗಳಲ್ಲಿ ಈಚಿನ ವರ್ಷಗಳಲ್ಲಿ ನಡೆದದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ, ಈ ಕ್ಷೇತ್ರದ ತೀರಾ ಕಷ್ಟದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿಯೇ ಇವೆ ಎಂದು ನನಗೆ ಅನ್ನಿಸುತ್ತದೆ. ಈ ಕಡತಗಳು ಹೇಳುವುದು ನಿಜವೇ? ಇವತ್ತು ನಿಜವಾದದ್ದು ನಾಳೆಯೂ ನಿಜವಾಗಿರುವಂತೆ ನೋಡಿಕೊಳ್ಳುವವರು ಯಾರು?

ಬೇರೆ ತಂತ್ರಾಂಶಗಳಿಗೂ ಬಿಲ್ಡ್ ಕಡತಗಳಿವೆ. ಕಂಪೈಲರಿನ ಕಷ್ಟ ಬೇರೆ, ಏಕೆಂದರೆ ಅದನ್ನು ಕಟ್ಟಲು ಒಂದು ಕಂಪೈಲರ್ ಬೇಕು. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಹೊರತಂದ ಜಿಸಿಸಿ ಈ ಕೆಲಸವನ್ನು ಮೂರು ಹಂತದಲ್ಲಿ ಮಾಡುತ್ತದೆ. ಯಂತ್ರದಲ್ಲಿ ಮೊದಲೇ ಇರುವ ಯಾವುದೋ ಕಂಪೈಲರಿನಿಂದ ಹೊಸ ಜಿಸಿಸಿಯನ್ನು ಕಟ್ಟುವುದು ಮೊದಲ ಹಂತ. ಹಾಗೆ ಹುಟ್ಟಿದ ಜಿಸಿಸಿ ಅದೇ ಸೋರ್ಸನ್ನು ಮತ್ತೊಮ್ಮೆ ಕಟ್ಟುತ್ತದೆ, ಅದು ಎರಡನೆಯದು. ಎರಡನೆಯದು ಮೂರನೆಯದನ್ನು ಕಟ್ಟುತ್ತದೆ. ಕೊನೆಗೆ ಎರಡನೆಯ ಮತ್ತು ಮೂರನೆಯ ಹಂತದ ಆಬ್ಜೆಕ್ಟ್ ಕಡತಗಳನ್ನು ಬೈಟ್ ಬೈಟ್ ತಾಳೆ ನೋಡಲಾಗುತ್ತದೆ. ಎರಡೂ ಒಂದೇ ಸೋರ್ಸಿನ ಅರ್ಥವನ್ನು ಹೊತ್ತ ಕಂಪೈಲರುಗಳಿಂದ ಬಂದದ್ದರಿಂದ ವ್ಯತ್ಯಾಸ ಇರಕೂಡದು. ವ್ಯತ್ಯಾಸ ಕಂಡರೆ ಬಿಲ್ಡ್ ಅಲ್ಲಿಗೇ ನಿಲ್ಲುತ್ತದೆ. ಪರೀಕ್ಷೆಗೆಂದು ಒಂದು ಸಾಲನ್ನೂ ಬೇರೆಯಾಗಿ ಬರೆಯದೆ ಇಡೀ ಕಂಪೈಲರನ್ನೇ ಪರೀಕ್ಷೆಯ ಸರಕಾಗಿ ಬಳಸಿಕೊಂಡ ಈ ಉಪಾಯ ಮೇಕ್‌ಫೈಲಿನ ಒಳಗೆ ಕೂತಿದೆ. ಬಿಲ್ಡ್ ಕಡತವನ್ನು ಬರೀ ಆಜ್ಞೆಗಳ ಪಟ್ಟಿ ಎಂದು ನೋಡುವವರಿಗೆ ಇದನ್ನು ತೋರಿಸಬೇಕು.

ಮೊದಲ ಹಂತಕ್ಕೆ ಬೇಕಾದ ಹಳೆಯ ಕಂಪೈಲರ್ ಯಾವುದಿರಬೇಕು ಎನ್ನುವುದೇ ಒಂದು ನೀತಿಯ ಪ್ರಶ್ನೆ. ಗೋ ಭಾಷೆಯ ಕಂಪೈಲರ್ ಮೊದಲು ಸಿ ಭಾಷೆಯಲ್ಲಿತ್ತು. 2015ರ ಆಗಸ್ಟ್‌ನಲ್ಲಿ ಬಂದ 1.5ನೇ ಆವೃತ್ತಿಯಿಂದ ಅದು ಗೋ ಭಾಷೆಯಲ್ಲೇ ಇದೆ. ಅಲ್ಲಿಂದ ಹಲವು ವರ್ಷ 1.4 ಒಂದಿದ್ದರೆ ಸಾಕು, ಹೊಸದು ಯಾವುದನ್ನೂ ಕಟ್ಟಬಹುದಿತ್ತು. ಹಾಗಾಗಿ ಕಂಪೈಲರ್ ಬರೆಯುವವರು ತಮ್ಮದೇ ಭಾಷೆಯ ಹೊಸ ಸೌಲಭ್ಯಗಳನ್ನು ಬಳಸುವಂತಿರಲಿಲ್ಲ. 1.20ರಲ್ಲಿ ಈ ಗಂಟನ್ನು ಬಿಚ್ಚಿ 1.17 ಬೇಕು ಎಂದರು, 1.22ಕ್ಕೆ 1.20 ಬೇಕಾಯಿತು. ಮುಂದೆ ಯಾವ ಆವೃತ್ತಿಗೆ ಯಾವುದು ಬೇಕು ಎಂಬ ಸೂತ್ರವನ್ನೂ ಇನ್‌ಸ್ಟಾಲ್ ದಾಖಲೆಯಲ್ಲೇ ಬರೆದಿಟ್ಟರು. ಸೊನ್ನೆಯಿಂದ ಕಟ್ಟುವವನು ಮೆಟ್ಟಿಲು ಎಣಿಸಿಕೊಂಡು ಹತ್ತಬಹುದು. ರಸ್ಟ್ ಹಿಡಿದ ದಾರಿ ಇದಕ್ಕಿಂತ ಕಡಿದು. ಅದರ ಮೊದಲ ಕಂಪೈಲರ್ ಓಕ್ಯಾಮಲ್‌ನಲ್ಲಿತ್ತು, 2011ರಲ್ಲಿ ರಸ್ಟ್ ತನ್ನನ್ನು ತಾನೇ ಕಟ್ಟಿಕೊಂಡಿತು, ಈಗ ಪ್ರತಿ ಆವೃತ್ತಿಗೂ ಅದರ ಹಿಂದಿನ ಆವೃತ್ತಿ ಬೇಕು. ಆರು ವಾರಕ್ಕೊಂದು ಬಿಡುಗಡೆ ಎಂದರೆ ಏಣಿ ಎಷ್ಟು ಉದ್ದವಾಗುತ್ತದೆ ಎಂದು ಊಹಿಸಿ. ಆ ಏಣಿಯನ್ನು ತಪ್ಪಿಸಲೆಂದೇ ಸಿ++ನಲ್ಲಿ ಬರೆದ ಎಂರಸ್ಟ್‌ಸಿ ಎಂಬ ಬೇರೆಯೇ ಕಂಪೈಲರ್ ಹುಟ್ಟಿಕೊಂಡಿದೆ.

ಏಣಿಯ ಬುಡದಲ್ಲಿ ಏನಿದೆ ಎಂಬ ಭಯ ಹಳೆಯದು. ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದ್ದು ಅದನ್ನೇ. 1984ರಲ್ಲಿ ಪ್ರಕಟವಾದ ಆ ಉಪನ್ಯಾಸದ ಪ್ರಕಾರ, ಕಂಪೈಲರಿನ ಬೈನರಿಯಲ್ಲಿ ಒಮ್ಮೆ ಕುತಂತ್ರ ಸೇರಿಸಿದರೆ ಸೋರ್ಸಿನಿಂದ ಅದರ ಜಾಡನ್ನೆಲ್ಲ ಅಳಿಸಿದರೂ ಅದು ಮುಂದಿನ ಪ್ರತಿ ಕಂಪೈಲರಿಗೆ ದಾಟುತ್ತಾ ಹೋಗುತ್ತದೆ. ಉತ್ತರ ಸಿಗಲು ದಶಕಗಳು ಬೇಕಾದವು. ಒಂದೇ ಸೋರ್ಸನ್ನು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಂಪೈಲರುಗಳಿಂದ ಕಟ್ಟಿ ಕೊನೆಯ ಫಲಿತಾಂಶ ತಾಳೆ ನೋಡುವ ವಿಧಾನವನ್ನು ಡೇವಿಡ್ ವೀಲರ್ ಬೆಳೆಸಿದರು. ಗ್ನೂ ಗೀಕ್ಸ್ ಬಳಗ 2023ರಲ್ಲಿ 357 ಬೈಟಿನ ಒಂದು ಪುಟ್ಟ ಬೀಜದಿಂದ ಹೊರಟು ಹಂತಹಂತವಾಗಿ ಜಿಸಿಸಿಯವರೆಗೆ ಹತ್ತಿ ತೋರಿಸಿತು. ಅದೇ ವರ್ಷ ಬಂದ ಗೋ 1.21ರ ಪರಿಕರಗಳನ್ನು ಯಾರು ಯಾವ ಯಂತ್ರದಲ್ಲಿ ಕಟ್ಟಿದರೂ ಒಂದೇ ಬೈಟುಗಳು ಬರುತ್ತವೆ. ಇವೆಲ್ಲ ಹೊಸ ಅಲ್ಗಾರಿದಂಗಳಿಂದ ಆದದ್ದಲ್ಲ. ಕಡತದ ದಿನಾಂಕ, ಡೈರೆಕ್ಟರಿಯ ಹೆಸರು, ಕಟ್ಟಿದ ಯಂತ್ರದ ಗುರುತು ಬೈನರಿಯೊಳಗೆ ನುಸುಳದಂತೆ ತಿಂಗಳುಗಟ್ಟಲೆ ಬಿಲ್ಡ್ ಕಡತಗಳನ್ನು ತಿದ್ದಿದವರ ಶ್ರಮ ಅದು.

ಈಗ ಕಾನ್ಫಿಗರ್ ಸ್ಕ್ರಿಪ್ಟಿಗೆ ಬರೋಣ. ಈ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು.

1991ರಲ್ಲಿ ಡೇವಿಡ್ ಮೆಕೆಂಜಿ ಆಟೋಕಾನ್ಫ್ ಶುರುಮಾಡಿದಾಗ ಯುನಿಕ್ಸ್ ಯಂತ್ರಗಳು ಒಂದೊಂದೂ ಒಂದೊಂದು ಥರ. ಒಂದರಲ್ಲಿ ಇರುವ ಫಂಕ್ಷನ್ ಇನ್ನೊಂದರಲ್ಲಿ ಇಲ್ಲ. ಆಟೋಕಾನ್ಫ್ ಹುಟ್ಟಿಸುವ ಸ್ಕ್ರಿಪ್ಟ್ ಯಂತ್ರವನ್ನು ಹೆಸರಿನಿಂದ ಗುರುತಿಸುವುದಕ್ಕಿಂತ ನೇರವಾಗಿ ಕೇಳಿ ತಿಳಿಯುತ್ತದೆ. ನಾಲ್ಕೈದು ಸಾಲಿನ ಒಂದು ಸಿ ಪ್ರೋಗ್ರಾಂ ಬರೆಯುತ್ತದೆ, ಕಂಪೈಲ್ ಮಾಡುತ್ತದೆ. ಆಯಿತೆಂದರೆ ಸೌಲಭ್ಯ ಇದೆ, ಆಗಲಿಲ್ಲವೆಂದರೆ ಇಲ್ಲ. ತೆರೆಯ ಮೇಲೆ ಹರಿದುಹೋಗುವ ನೂರಾರು ಯೆಸ್, ನೋ ಸಾಲುಗಳು ಇವೇ. ಬಹಳ ಸೊಗಸಾದ ಯೋಚನೆ, ಮೂವತ್ತು ವರ್ಷ ದುಡಿದಿದೆ. ಆದರೆ ಇದರೊಳಗೆ ಒಂದು ಬಿರುಕು ಮೊದಲಿನಿಂದಲೂ ಇದೆ. ಸೌಲಭ್ಯ ಇಲ್ಲದ್ದರಿಂದ ಕಂಪೈಲ್ ಆಗಲಿಲ್ಲವೋ, ಪರೀಕ್ಷೆಯ ಪ್ರೋಗ್ರಾಮೇ ಕೆಟ್ಟಿದ್ದರಿಂದ ಆಗಲಿಲ್ಲವೋ ಎಂಬುದು ಸ್ಕ್ರಿಪ್ಟಿಗೆ ಗೊತ್ತಾಗುವುದಿಲ್ಲ. ಎರಡಕ್ಕೂ ಅದು ನೋ ಎಂದು ಬರೆದುಕೊಂಡು ಮುಂದೆ ಹೋಗುತ್ತದೆ.

2024ರ ಮೇ ತಿಂಗಳಲ್ಲಿ ಬಂದ ಜಿಸಿಸಿ 14 ಈ ಬಿರುಕನ್ನು ಎಲ್ಲರ ಕಣ್ಣಿಗೆ ಕಾಣಿಸಿತು. ಘೋಷಣೆ ಇಲ್ಲದ ಫಂಕ್ಷನ್ನನ್ನು ಕರೆಯುವುದು 1999ರ ಸಿ ಮಾನಕದಿಂದಲೇ ತಪ್ಪು. ಆದರೂ ಹಳೆಯ ಕೋಡ್ ಒಡೆಯಬಾರದೆಂದು ಜಿಸಿಸಿ ಅಷ್ಟು ವರ್ಷವೂ ಎಚ್ಚರಿಕೆಯೊಂದನ್ನು ಕೊಟ್ಟು ಬಿಟ್ಟುಬಿಡುತ್ತಿತ್ತು. 14ರಲ್ಲಿ ಅದನ್ನು ದೋಷ ಎಂದೇ ಮಾಡಿತು. ಎಲ್‌ಎಲ್‌ವಿಎಂನ ಸಿ ಕಂಪೈಲರ್ ಕ್ಲಾಂಗ್ ತನ್ನ 16ನೇ ಆವೃತ್ತಿಯಲ್ಲಿ, ಒಂದು ವರ್ಷ ಮೊದಲೇ, ಇದನ್ನು ಮಾಡಿತ್ತು. ಈಗ ಹಳೆಯ ಕಾನ್ಫಿಗರ್ ಸ್ಕ್ರಿಪ್ಟುಗಳ ಒಳಗೆ ಯಾರೋ ಕೈಯಾರೆ ಬರೆದ ಪರೀಕ್ಷೆಯೊಂದನ್ನು ನೋಡಿ. ಮೇನ್ ಫಂಕ್ಷನ್, ಒಳಗೆ ಬೇಕಾದ ಸೌಲಭ್ಯವನ್ನು ಮುಟ್ಟಿ ನೋಡುವ ಒಂದು ಸಾಲು, ಕೊನೆಗೆ ಎಕ್ಸಿಟ್ ಸೊನ್ನೆ. ಎಕ್ಸಿಟನ್ನು ಘೋಷಿಸುವ ಹೆಡರ್ ಕಡತವನ್ನು ಸೇರಿಸುವ ಗೋಜಿಗೆ ಬರೆದವರು ಹೋಗಿಲ್ಲ. 2023ರವರೆಗೆ ಇದು ಸರಾಗವಾಗಿ ಕಂಪೈಲ್ ಆಗುತ್ತಿತ್ತು. ಹೊಸ ಕಂಪೈಲರಿನಲ್ಲಿ ಆ ಎಕ್ಸಿಟ್ ಸಾಲಿನ ದೆಸೆಯಿಂದ ಪರೀಕ್ಷೆ ಬಿದ್ದುಹೋಗುತ್ತದೆ, ಸ್ಕ್ರಿಪ್ಟ್ ಸೌಲಭ್ಯ ಇಲ್ಲ ಎಂದು ತೀರ್ಮಾನಿಸುತ್ತದೆ, ತಂತ್ರಾಂಶ ಆ ಸೌಲಭ್ಯವನ್ನು ಕೈಬಿಟ್ಟು ಸದ್ದಿಲ್ಲದೆ ಕಟ್ಟಿಕೊಳ್ಳುತ್ತದೆ. ಎಲ್ಲೂ ಕೆಂಪು ಅಕ್ಷರ ಇಲ್ಲ, ಬಿಲ್ಡ್ ಯಶಸ್ವಿ. ಒಡೆದುಬಿದ್ದ ಬಿಲ್ಡ್ ಯಾರ ಕಣ್ಣಿಗಾದರೂ ಬೀಳುತ್ತದೆ. ಇಂಥದ್ದು ಬೀಳುವುದಿಲ್ಲ.

ಜಿಸಿಸಿ ಬಳಗ ಇದಕ್ಕೆ ಸಿದ್ಧವಾದ ರೀತಿಯನ್ನು ಮೆಚ್ಚಲೇಬೇಕು. ಪ್ರತಿ ಪ್ರಮುಖ ಆವೃತ್ತಿಯ ಜೊತೆಗೆ ಹಳೆಯ ಕೋಡನ್ನು ಹೊಸದಕ್ಕೆ ಒಗ್ಗಿಸುವ ಬಗ್ಗೆ ಅವರು ಒಂದು ಮಾರ್ಗದರ್ಶಿ ಬರೆಯುತ್ತಾರೆ. 14ರ ಮಾರ್ಗದರ್ಶಿ ಯಾವ ತಪ್ಪು ಈಗ ದೋಷವಾಗಿದೆ ಎಂಬುದರ ಜೊತೆಗೆ, ಕಾನ್ಫಿಗರ್ ಪರೀಕ್ಷೆಗಳ ಫಲಿತಾಂಶ ಸದ್ದಿಲ್ಲದೆ ತಲೆಕೆಳಗಾಗಬಹುದು ಎಂಬ ಎಚ್ಚರಿಕೆಯನ್ನೂ ಕೊಟ್ಟಿತು. ಫೆಡೋರಾ ವಿತರಣೆಯಲ್ಲಿ ಫ್ಲೋರಿಯನ್ ವೈಮರ್ ಮತ್ತು ಸಂಗಡಿಗರು ಜಿಸಿಸಿ 14 ಬರುವ ಮುಂಚೆಯೇ ಪ್ಯಾಕೇಜುಗಳನ್ನು ಸೋಸಿ ಇಂಥ ಪರೀಕ್ಷೆಗಳನ್ನು ಹುಡುಕಿ ತಿದ್ದಿದ್ದರು. ಕಂಪೈಲರಿನ ಬದಲಾವಣೆ, ಅದರ ದಾಖಲೆ, ಜಗತ್ತಿನ ಬಿಲ್ಡ್ ಕಡತಗಳು ಎಲ್ಲವನ್ನೂ ಒಂದೇ ಕೆಲಸ ಎಂದು ನೋಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ಬಿರುಕನ್ನು ಕೇಡಿಗಾಗಿ ಬಳಸಿದ ಪ್ರಸಂಗವೂ ಅದೇ ವರ್ಷ ಬಯಲಾಯಿತು. ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶ ಕಂಪೈಲರ್ ಅಲ್ಲ, ಆದರೆ ಬಿಲ್ಡ್ ಕಡತಗಳ ಮಾತಾಡುವಾಗ ಅದನ್ನು ಬಿಡಲಾಗದು. 2024ರ ಮಾರ್ಚ್ ಕೊನೆಯಲ್ಲಿ, ದೂರದಿಂದ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲನ್ನು ಕಂಡುಹಿಡಿದರು. ಅದಕ್ಕೆ ಚಾಲನೆ ಕೊಡುತ್ತಿದ್ದದ್ದು ಬಿಲ್ಡ್ ಸ್ಕ್ರಿಪ್ಟಿಗೆ ಬೇಕಾಗುವ ಒಂದು ಮ್ಯಾಕ್ರೋ ಕಡತ. ಎಲ್ಲರೂ ನೋಡಬಹುದಾದ ಗಿಟ್ ಭಂಡಾರದಲ್ಲಿ ಆ ತಿದ್ದಿದ ಕಡತ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಹುಟ್ಟಿಸಿದ ಕಾನ್ಫಿಗರ್ ಸ್ಕ್ರಿಪ್ಟನ್ನೂ ಅದರ ಜೊತೆಗಾರ ಕಡತಗಳನ್ನೂ ಗಂಟಿನಲ್ಲಿ ಸೇರಿಸಿ ಕೊಡುವುದು ಹಳೆಯ ರೂಢಿ, ಅವುಗಳನ್ನು ಯಾರೂ ಓದುವುದಿಲ್ಲ ಎನ್ನುವುದೂ ರೂಢಿಯೇ. ಇನ್ನೊಂದು ಕಡೆ, ಸೀಮೇಕ್ ಎಂಬ ಬೇರೊಂದು ಬಿಲ್ಡ್ ವ್ಯವಸ್ಥೆಯ ಕಡತದಲ್ಲಿ, ಲ್ಯಾಂಡ್‌ಲಾಕ್ ಎಂಬ ರಕ್ಷಣಾ ಸೌಲಭ್ಯ ಯಂತ್ರದಲ್ಲಿದೆಯೇ ಎಂದು ನೋಡುವ ಪುಟ್ಟ ಸಿ ಪ್ರೋಗ್ರಾಂ ಇತ್ತು. ಅದರ ಹೆಡರ್ ಸಾಲುಗಳ ಕೆಳಗೆ, ಖಾಲಿ ಸಾಲೆಂದು ಕಾಣುವಲ್ಲಿ, ಒಂಟಿ ಚುಕ್ಕೆಯೊಂದನ್ನು ಇಟ್ಟಿದ್ದರು. ಆ ಚುಕ್ಕೆ ಇರುವವರೆಗೆ ಪ್ರೋಗ್ರಾಂ ಎಲ್ಲಿಯೂ ಕಂಪೈಲ್ ಆಗದು, ರಕ್ಷಣೆ ಎಂದೂ ಚಾಲೂ ಆಗದು. ತಿದ್ದುಪಡಿಯನ್ನು ಪರಿಶೀಲಿಸುವವರ ಕಣ್ಣು ಚುಕ್ಕೆಯ ಮೇಲೆ ನಿಲ್ಲುವುದಿಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಹುಟ್ಟಿಸಿದ ಕಡತಗಳ ವಿಷಯದಲ್ಲಿ ಜಿಸಿಸಿಯ ರೂಢಿ ಇವತ್ತಿಗೂ ಚರ್ಚೆಗೆ ಒಳಗಾದದ್ದು. ಅದರ ಭಂಡಾರದಲ್ಲಿ ಕಾನ್ಫಿಗರ್ ಸ್ಕ್ರಿಪ್ಟುಗಳೂ ಇವೆ, ಅವುಗಳನ್ನು ಹುಟ್ಟಿಸುವ ಮೂಲಗಳೂ ಇವೆ. ಮೂಲವನ್ನು ತಿದ್ದಿದವರು ಸರಿಯಾಗಿ ಆಟೋಕಾನ್ಫ್ 2.69 ಮತ್ತು ಆಟೋಮೇಕ್ 1.15.1 ಬಳಸಿಯೇ ಮತ್ತೆ ಹುಟ್ಟಿಸಬೇಕು ಎಂಬ ನಿಯಮವನ್ನು ಬಹುಕಾಲ ಪಾಲಿಸಿಕೊಂಡು ಬಂದಿದ್ದಾರೆ. 2.69 ಬಂದದ್ದು 2012ರಲ್ಲಿ. ತಮ್ಮ ಯಂತ್ರದ ಹೊಸ ಆವೃತ್ತಿಯಿಂದ ಹುಟ್ಟಿಸಿದರೆ ಒಂದು ಸಾಲಿನ ತಿದ್ದುಪಡಿಗೆ ಸಾವಿರಾರು ಸಾಲಿನ ಬದಲಾವಣೆ ಅಂಟಿಕೊಂಡು ಬರುತ್ತದೆ. ಈಗ ಒಂದು ಬಾಟ್ ಪ್ರತಿ ಬದಲಾವಣೆಯ ಮೇಲೂ ಕಡತಗಳನ್ನು ಮತ್ತೆ ಹುಟ್ಟಿಸಿ, ಭಂಡಾರದಲ್ಲಿರುವುದರ ಜೊತೆ ತಾಳೆಯಾಗದಿದ್ದರೆ ತಿಳಿಸುತ್ತದೆ. ಇದು ತುಂಬ ಹಿಂದೆಯೇ ಬರಬೇಕಿದ್ದ ವ್ಯವಸ್ಥೆ.

ಎಲ್‌ಎಲ್‌ವಿಎಂ ಬೇರೆ ದಾರಿ ಹಿಡಿಯಿತು. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದಾಗ ಅದೂ ಆಟೋಕಾನ್ಫಿನ ಮೇಲೆ ನಿಂತಿತ್ತು. ಆಮೇಲೆ ಸೀಮೇಕ್ ಬಂತು. ಎರಡೂ ಜೊತೆಗೇ ವರ್ಷಗಟ್ಟಲೆ ನಡೆದವು. ಹೊಸ ಕಡತವೊಂದನ್ನು ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಮರೆತರೆ ಯಾರದೋ ಬಿಲ್ಡ್ ಒಡೆಯುತ್ತಿತ್ತು. 2016ರ 3.9ನೇ ಆವೃತ್ತಿಯಲ್ಲಿ ಆಟೋಕಾನ್ಫನ್ನು ಪೂರ್ತಿ ತೆಗೆದರು. ಅಷ್ಟಾದರೂ ದೊಡ್ಡ ಕಂಪನಿಗಳಿಗೆ ತಮ್ಮ ತಮ್ಮ ಬಿಲ್ಡ್ ವ್ಯವಸ್ಥೆಯೇ ಬೇಕು, ಹಾಗಾಗಿ ಬೇಜಲ್ ಮತ್ತು ಜಿಎನ್ ಕಡತಗಳೂ ಭಂಡಾರದೊಳಗೆ ಇವೆ. ಹಳೆಯ ತಪ್ಪು ಮರುಕಳಿಸದಂತೆ ಬಳಗ ಒಂದು ಲಿಖಿತ ನೀತಿ ಮಾಡಿಕೊಂಡಿದೆ. ಸೀಮೇಕ್ ಎಲ್ಲರ ಹೊಣೆ. ಉಳಿದವು ಅಂಚಿನ ವರ್ಗ, ಅವುಗಳನ್ನು ಬೇಕಾದವರೇ ನೋಡಿಕೊಳ್ಳಬೇಕು, ಒಡೆದರೆ ಬೇರೆಯವರನ್ನು ದೂರುವಂತಿಲ್ಲ. ಇಷ್ಟು ಸ್ಪಷ್ಟವಾಗಿ ಹೊಣೆ ಹಂಚಿದ ದಾಖಲೆ ಎಷ್ಟೋ ಯೋಜನೆಗಳಲ್ಲಿ ಇಲ್ಲ. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್ ಕೂಡ ತನ್ನ ಮೇಕ್ ಕಡತಗಳನ್ನು ಬಿಟ್ಟು ಹ್ಯಾಸ್ಕೆಲ್‌ನಲ್ಲೇ ಬರೆದ ಹೇಡ್ರಿಯನ್‌ಗೆ ಹೋಯಿತು, ಆ ದಾಟುವಿಕೆಗೂ ಹಲವು ವರ್ಷ ಹಿಡಿಯಿತು.

ಕಾನ್ಫಿಗರೇಶನ್ ಬದಲಾದದ್ದನ್ನು ಬಳಸುವವರಿಗೆ ತಿಳಿಸುವುದು ಹೇಗೆ? ಇದಕ್ಕೆ ರಸ್ಟ್ ಕಂಡುಕೊಂಡ ಉತ್ತರ ಚಿಕ್ಕದು, ಚೆನ್ನಾಗಿದೆ. ಕಂಪೈಲರನ್ನು ಕಟ್ಟುವವರು ಬರೆದುಕೊಳ್ಳುವ ಕಾನ್ಫಿಗರೇಶನ್ ಕಡತದಲ್ಲಿ ಒಂದು ಬದಲಾವಣೆ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ನಂತರ ಯಾವ ಆಯ್ಕೆಯ ಹೆಸರು ಬದಲಾಯಿತು, ಯಾವುದರ ಡೀಫಾಲ್ಟ್ ಬದಲಾಯಿತು ಎಂಬುದನ್ನು ಬಿಲ್ಡ್ ವ್ಯವಸ್ಥೆಯೇ ಮುಂದಿನ ಸಲ ಓಡಿಸಿದಾಗ ತೋರಿಸುತ್ತದೆ. ದಾಖಲೆ ಓದುಗನನ್ನು ಹುಡುಕಿಕೊಂಡು ಬರುತ್ತದೆ. 2025ರಲ್ಲಿ ಆ ಕಡತದ ಹೆಸರೇ ಬದಲಾದಾಗ ಈ ಏರ್ಪಾಡಿನ ಬೆಲೆ ಗೊತ್ತಾಯಿತು.

ದಾಖಲೆಗಳ ಕಥೆಯಲ್ಲಿ ಮೊದಲು ಹೇಳಬೇಕಾದದ್ದು ಕಾನೂನಿನ ತೊಡಕು. ಜಿಸಿಸಿಯ ಕೋಡ್ ಜಿಪಿಎಲ್ ಪರವಾನಗಿಯಲ್ಲಿದೆ, ಕೈಪಿಡಿ ಜಿಎಫ್‌ಡಿಎಲ್ ಎಂಬ ಬೇರೆಯದರಲ್ಲಿ. ಹಾಗಾಗಿ ಕೋಡಿನೊಳಗಿನ ವಿವರಣೆಯನ್ನು ಕೈಪಿಡಿಗೆ, ಕೈಪಿಡಿಯದನ್ನು ಕೋಡಿಗೆ ಸಲೀಸಾಗಿ ಸಾಗಿಸುವಂತಿಲ್ಲ. ಕೈಪಿಡಿಯಲ್ಲಿ ಬದಲಾಯಿಸಬಾರದ ಭಾಗಗಳಿರುವುದರಿಂದ ಡೆಬಿಯನ್ ಅದನ್ನು ಮುಕ್ತ ಎಂದು ಒಪ್ಪದೆ ಬೇರೆ ವಿಭಾಗಕ್ಕೆ ಹಾಕಿದೆ. ಮುಕ್ತ ತಂತ್ರಾಂಶದ ಮೊದಲ ದೊಡ್ಡ ಕಂಪೈಲರಿನ ಕೈಪಿಡಿ ಮುಕ್ತ ವಿತರಣೆಯ ಹೊಸ್ತಿಲಾಚೆ ಉಳಿದದ್ದು ದುಃಖದ ಸಂಗತಿ.

ಎಲ್‌ಎಲ್‌ವಿಎಂನಲ್ಲಿ ಕ್ಲಾಂಗ್‌ನ ಆಯ್ಕೆಗಳನ್ನು ಟೇಬಲ್‌ಜೆನ್ ಎಂಬ ಭಾಷೆಯಲ್ಲಿ ಒಂದು ಕಡೆ ಬರೆಯುತ್ತಾರೆ. ಆಯ್ಕೆಯನ್ನು ಓದಿಕೊಳ್ಳುವ ಕೋಡ್, ಹೆಲ್ಪ್ ಸಂದೇಶ, ಉಲ್ಲೇಖ ಪುಟ ಮೂರೂ ಅಲ್ಲಿಂದಲೇ ಹುಟ್ಟುತ್ತವೆ. ಇಲ್ಲದ ಆಯ್ಕೆ ದಾಖಲೆಯಲ್ಲಿ ಉಳಿಯುವ ಭಯವಿಲ್ಲ. ರಸ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ದಾಖಲೆಯೊಳಗಿನ ಉದಾಹರಣೆಗಳನ್ನೇ ಪರೀಕ್ಷೆಯಾಗಿ ಓಡಿಸುತ್ತದೆ. ಟೈಪುಗಳು ಹೊಂದದಿದ್ದರೆ ಬರುವ ಇ0308 ದೋಷವನ್ನೇ ತೆಗೆದುಕೊಳ್ಳಿ. ಅದರ ವಿವರಣೆಯಲ್ಲಿ ತಪ್ಪು ಕೋಡಿನ ಮಾದರಿಯಿದೆ. ಆ ಮಾದರಿ ಕಂಪೈಲ್ ಆಗದೆ ಅದೇ ಸಂಖ್ಯೆಯ ದೋಷವನ್ನೇ ಕೊಡಬೇಕು. ಕೊಡದಿದ್ದರೆ ಪರೀಕ್ಷೆ ಸೋಲುತ್ತದೆ, ಬದಲಾವಣೆ ಒಳಗೆ ಹೋಗುವುದಿಲ್ಲ. ಹೀಗೆ ಯಂತ್ರ ತಾಳೆ ನೋಡುವ ಬರಹ ಹಳಸುವುದಿಲ್ಲ. ಮನುಷ್ಯರ ನೆನಪಿನ ಮೇಲೆ ಬಿಟ್ಟದ್ದು ಒಂದೆರಡು ಬಿಡುಗಡೆಯೊಳಗೆ ಹಳಸುತ್ತದೆ. ದಾಖಲೆ ಬರೆಯಲು ಕೈಹಾಕುವ ಮೊದಲು ಅದನ್ನು ಪರೀಕ್ಷಿಸುವ ದಾರಿ ಹುಡುಕಬೇಕು ಎನ್ನುವವರ ಪಕ್ಷ ನನ್ನದು.

ಆದರೂ ಇದಕ್ಕೊಂದು ಮಿತಿ ಇದೆ. ಆಯ್ಕೆ ಏನು ಮಾಡುತ್ತದೆ ಎಂದು ಹುಟ್ಟಿಸಿದ ಪುಟ ಹೇಳಬಹುದು, ಅದು ಯಾಕಿದೆ ಎಂದು ಹೇಳದು. ಎಲ್‌ಎಲ್‌ವಿಎಂನ ಮಧ್ಯಂತರ ಭಾಷೆಗೆ ಬೇರೆ ಔಪಚಾರಿಕ ಮಾನಕವಿಲ್ಲ, ಅದರ ಲ್ಯಾಂಗ್ವೇಜ್ ರೆಫರೆನ್ಸ್ ದಾಖಲೆಯೇ ಪ್ರಮಾಣ. ನಿಶ್ಚಿತವಲ್ಲದ ಮೌಲ್ಯಗಳ ಬಗ್ಗೆ ಆ ದಾಖಲೆ ಬಹುಕಾಲ ಮಬ್ಬಾಗಿತ್ತು. ಒಂದು ಆಪ್ಟಿಮೈಸೇಶನ್ ಒಂದರ್ಥ ಹಿಡಿಯಿತು, ಇನ್ನೊಂದು ಬೇರೆ ಅರ್ಥ ಹಿಡಿಯಿತು. ತಮ್ಮ ತಮ್ಮ ಮಟ್ಟಿಗೆ ಎರಡೂ ಸರಿ, ಒಟ್ಟಿಗೆ ಓಡಿದರೆ ತಪ್ಪು ಕೋಡ್. 2017ರ ಒಂದು ಸಂಶೋಧನಾ ಪ್ರಬಂಧ ಇದನ್ನು ಬಿಡಿಸಿ ತೋರಿಸಿತು, 2020ರಲ್ಲಿ ಬಂದ 10ನೇ ಆವೃತ್ತಿಗೆ ಫ್ರೀಜ್ ಎಂಬ ಹೊಸ ಸೂಚನೆಯೇ ಸೇರಿತು. ದಾಖಲೆಯ ವಾಕ್ಯವೊಂದು ಅಸ್ಪಷ್ಟವಾಗಿದ್ದದ್ದೇ ಇಲ್ಲಿ ಕಂಪೈಲರಿನ ದೋಷ. ಈಗ ಅಲೈವ್2 ಎಂಬ ಸಾಧನ ಆಪ್ಟಿಮೈಸೇಶನ್‌ಗಳು ಆ ಅರ್ಥಕ್ಕೆ ಬದ್ಧವೇ ಎಂದು ಗಣಿತದ ಮೂಲಕ ತಾಳೆ ನೋಡುತ್ತದೆ, ಆದರೆ ಅರ್ಥ ಯಾವುದು ಎಂದು ಕೂತು ಬರೆಯಬೇಕಾದವರು ಮನುಷ್ಯರೇ.

ಈ ಕೆಲಸ ನಮ್ಮಿಂದ ದೂರದ್ದೇನಲ್ಲ. ಎಲ್‌ಎಲ್‌ವಿಎಂನ ಭಾಗವಾದ ಎಂಎಲ್‌ಐಆರ್ ಬಗ್ಗೆ 2021ರಲ್ಲಿ ಬಂದ ಮುಖ್ಯ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಬೊಂಧುಗುಲ ಒಬ್ಬರು. ಚಿಪ್ ತಯಾರಿಸುವ ಹಲವು ಕಂಪನಿಗಳ ಕಂಪೈಲರ್ ತಂಡಗಳು ಬೆಂಗಳೂರಿನಲ್ಲಿವೆ. ಅಲ್ಲಿ ಬಿಲ್ಡ್ ಮತ್ತು ದಾಖಲೆಯ ಕೆಲಸವನ್ನು ಹೊಸಬರಿಗೆ, ಬಿಡುವಿನ ಹೊತ್ತಿಗೆ ಬಿಡುವ ರೂಢಿ ಹೋಗಬೇಕು. ಬಡ್ತಿಯ ಲೆಕ್ಕಕ್ಕೆ ಅದು ಬಂದರೆ ಮಾತ್ರ ನುರಿತವರು ಅದರಲ್ಲಿ ಉಳಿಯುತ್ತಾರೆ.

ಇನ್ನು ವಿದ್ಯಾರ್ಥಿಗಳ ವಿಷಯ. 8 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಎಲ್‌ಎಲ್‌ವಿಎಂ ಕಟ್ಟಲು ಹೊರಟವರು ಹೆಚ್ಚಾಗಿ ಲಿಂಕ್ ಮಾಡುವ ಹಂತದಲ್ಲಿ ಎಡವುತ್ತಾರೆ. ಡೀಬಗ್ ಬಿಲ್ಡ್, ಎಲ್ಲ ಪ್ರೊಸೆಸರ್‌ಗಳ ಬೆಂಬಲ, ನಾಲ್ಕೈದು ಲಿಂಕ್ ಒಟ್ಟಿಗೆ ಎಂದರೆ ಮೆಮೊರಿ ಮುಗಿದು ಯಂತ್ರ ಸ್ತಬ್ಧವಾಗುತ್ತದೆ. ರಿಲೀಸ್ ಬಿಲ್ಡ್ ಆರಿಸಿ, ನಿಮ್ಮ ಯಂತ್ರದ ಪ್ರೊಸೆಸರ್ ಒಂದನ್ನೇ ಇಟ್ಟುಕೊಂಡು, ಒಂದು ಹೊತ್ತಿಗೆ ಒಂದೇ ಲಿಂಕ್ ಎಂದು ಮಿತಿ ಹಾಕಿದರೆ ಅದೇ ಲ್ಯಾಪ್‌ಟಾಪಿನಲ್ಲಿ ಕೆಲಸ ಸಾಗುತ್ತದೆ. ಈ ಮೂರೂ ಆಯ್ಕೆಗಳು ಸೀಮೇಕ್ ದಾಖಲೆಯಲ್ಲಿವೆ. ಎಂಜಿನಿಯರಿಂಗ್ ಕಾಲೇಜಿನ ಮೂರನೆಯ ವರ್ಷದಲ್ಲಿರುವವರಿಗೆ ನನ್ನ ಕೋರಿಕೆ ಇಷ್ಟು: ಯಾವುದಾದರೂ ಒಂದು ಕಂಪೈಲರಿನ ಬಿಲ್ಡ್ ದಾಖಲೆಯನ್ನು ತೆರೆದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದು ಹೇಳಿದಂತೆಯೇ ಮಾಡಿ ನೋಡಿ. ದಾಖಲೆ ಹೇಳಿದ್ದಕ್ಕೂ ಯಂತ್ರ ಮಾಡಿದ್ದಕ್ಕೂ ಎಲ್ಲಿ ಹೊಂದಲಿಲ್ಲವೋ ಅದನ್ನು ಬರೆದುಕೊಂಡು, ತಿದ್ದುಪಡಿ ಮಾಡಿ ಕಳಿಸಿ. ಆ ದಾಖಲೆಯ ಮೊದಲ ಕಷ್ಟಗಳು ಹಳಬರಿಗೆ ಈಗ ಕಾಣುವುದಿಲ್ಲ, ನಿಮಗೆ ಕಾಣುತ್ತವೆ.